ಒಂದಿನದ ಹೂವನ್ನು ಬೀಜಕ್ಕೆ ಬಿಡಿ

ದಾವಣಗೆರೆಯ ನಮ್ಮ ಹಿತ್ತಲ ಹೀರೆಬಳ್ಳಿಯಲ್ಲಿ ಯಾವಾಗಲೂ ಒಂದು ಕಾಯಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಬೀಜಕ್ಕೆ ಬಿಟ್ಟ ಕಾಯಿ. ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನುವವರೆಗೆ ಅವ್ವ ಕಾಯುತ್ತಿದ್ದಳು. ಅದೇ ಅವ್ವ, ಬೀಜದಿಂದ ಡೇಲಿಲಿ ಹೂ ಬೆಳೆಸುವ ನನ್ನ ಹುಚ್ಚು ನೋಡಿ ಕೇಳಿದಳು: "ಒಂದು ದಿನ ಇರೋ ಹೂವಿಗೆ ಎರಡು ವರ್ಷ ಕಾಯ್ತೀಯೇನೋ?"

ಕಾಯುತ್ತೇನೆ. ದಾವಣಗೆರೆಯಲ್ಲಿ ಅಷ್ಟು ಕಾಯಬೇಕಾಗಿಯೂ ಇಲ್ಲ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಇಲ್ಲಿ ಜುಲೈ ಬಂತೆಂದರೆ ಅಂಗಳ ಅಂಗಳದಲ್ಲೂ ಡೇಲಿಲಿ. ಬೆಳಿಗ್ಗೆ ಅರಳಿದ ಹೂವು ರಾತ್ರಿ ಹೊತ್ತಿಗೆ ಮುದುಡುತ್ತದೆ. ಆದರೆ ಒಂದೊಂದು ದಂಟಿನಲ್ಲೂ ಮೊಗ್ಗುಗಳ ಸಾಲು ಇರುವುದರಿಂದ ಮರುದಿನಕ್ಕೆ ಇನ್ನೊಂದು ಸಿದ್ಧ. ಹೆಸರಿನಲ್ಲಿ ಲಿಲಿ ಇದ್ದರೂ ಇದು ನಿಜವಾದ ಲಿಲಿ ಅಲ್ಲ, ಈರುಳ್ಳಿಯಂಥ ಗೆಡ್ಡೆಯೂ ಇಲ್ಲ. ನೀರು ಹಿಡಿದಿಟ್ಟುಕೊಳ್ಳುವ ದಪ್ಪ ಬೇರುಗಳಿವೆ. ತವರು ಚೀನಾ, ಜಪಾನ್, ಕೊರಿಯಾ ಕಡೆ. ಚೀನಾದಲ್ಲಿ ಒಂದು ಜಾತಿಯ ಮೊಗ್ಗನ್ನು ಒಣಗಿಸಿ ಅಡುಗೆಗೆ ಹಾಕುತ್ತಾರೆ.

ಬೀಜ ಮಾಡುವುದನ್ನು ನನಗೆ ತೋರಿಸಿಕೊಟ್ಟವರು ಪಕ್ಕದ ಮನೆಯ ಹಿರಿಯರು. ಇಬ್ಬನಿ ಆರಿದ ಮೇಲೆ ಒಂದು ಹೂವಿನ ಕೇಸರವನ್ನು ಚಿಮುಟದಲ್ಲಿ ಕಿತ್ತು, ಇನ್ನೊಂದು ಹೂವಿನ ನಡುವೆ ಉದ್ದಕ್ಕೆ ಚಾಚಿದ ಕಡ್ಡಿಯ ತುದಿಗೆ ಪರಾಗ ಸವರುವುದು. ಅಷ್ಟೇ ಕೆಲಸ. ಹತ್ತಿದ್ದರೆ ಕೆಲವೇ ದಿನದಲ್ಲಿ ಹೂವಿನ ಬುಡ ಊದಿಕೊಳ್ಳುತ್ತದೆ. ಆರರಿಂದ ಎಂಟು ವಾರದಲ್ಲಿ ಕಾಯಿ ಕಂದು ಬಣ್ಣಕ್ಕೆ ತಿರುಗಿ ತುದಿಯಲ್ಲಿ ಬಿರಿಯುತ್ತದೆ. ಒಳಗೆ ಮೂರು ಮನೆ, ಪ್ರತಿ ಮನೆಯಲ್ಲೂ ಮಿರಮಿರ ಮಿಂಚುವ ಕಪ್ಪು ಬೀಜ.

ಆ ಬೀಜದಿಂದ ಬರುವ ಗಿಡ ತಾಯಿಯ ಹಾಗೂ ಇರುವುದಿಲ್ಲ, ತಂದೆಯ ಹಾಗೂ ಇರುವುದಿಲ್ಲ. ಒಂದೇ ಕಾಯಿಯ ಹತ್ತು ಬೀಜಕ್ಕೆ ಹತ್ತು ಬಗೆ. ಬುಡ ಸೀಳಿ ನೆಟ್ಟರೆ ಮಾತ್ರ ಅದೇ ಗಿಡ ಮತ್ತೆ ಸಿಗುತ್ತದೆ. ನನ್ನನ್ನು ಹಿಡಿದಿಟ್ಟಿರುವುದು ಇದೇ. ನಾನು ಹಾಕಿದ ಬೀಜದ ಹೂವನ್ನು ನನಗಿಂತ ಮೊದಲು ಜಗತ್ತಿನಲ್ಲಿ ಯಾರೂ ನೋಡಿರುವುದಿಲ್ಲ, ಅಲ್ವಾ?

ಇಲ್ಲಿಯ ಹವ್ಯಾಸಿಗಳು ಇದನ್ನು ಬಹಳ ಶಿಸ್ತಿನಿಂದ ಮಾಡುತ್ತಾರೆ. ಸವರಿದ ಪ್ರತಿ ಹೂವಿಗೂ ಒಂದು ಚೀಟಿ. ಚೀಟಿಯಲ್ಲಿ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯದು. ಬರೆಯುವುದು ಪೆನ್ಸಿಲ್‌ನಲ್ಲಿ, ಪೆನ್ನಿನ ಶಾಯಿ ಬಿಸಿಲಿಗೆ ಅಳಿಸಿಹೋಗುತ್ತದೆ. ಯಾವ ಗಿಡಕ್ಕೆ 22 ಕ್ರೋಮೋಸೋಮು (ಜೀವಕೋಶದೊಳಗೆ ವಂಶಗುಣ ಹೊತ್ತ ಎಳೆಗಳು), ಯಾವುದಕ್ಕೆ 44 ಅಂತಲೂ ಬರೆದಿಡುತ್ತಾರೆ. ಏಕೆಂದರೆ ಇವೆರಡನ್ನೂ ಕೂಡಿಸಿದರೆ ಸಾಮಾನ್ಯವಾಗಿ ಕಾಯಿ ನಿಲ್ಲುವುದಿಲ್ಲ. ಅಮೆರಿಕನ್ ಡೇಲಿಲಿ ಸೊಸೈಟಿ ಶುರುವಾದದ್ದು 1946ರಲ್ಲಿ. ಅದರ ಪಟ್ಟಿಯಲ್ಲಿ ಹೆಸರು ಪಡೆದ ತಳಿಗಳು 80,000ಕ್ಕೂ ಜಾಸ್ತಿ. ಅವುಗಳಲ್ಲಿ ಎಷ್ಟೋ ತಳಿಗಳು ಮನೆಯ ಅಂಗಳದಲ್ಲಿ, ಸಾಮಾನ್ಯ ಜನರ ಕೈಯಲ್ಲಿ ಹುಟ್ಟಿದವು.

ನಮ್ಮೂರಲ್ಲಿ ಹೂವಿನ ಗಿಡ ಬರುವ ದಾರಿಯೇ ಬೇರೆ. ಕಾಂಪೌಂಡ್ ಮೇಲಿಂದ ಬರುತ್ತದೆ. "ಅಕ್ಕ, ಒಂದು ಕಡ್ಡಿ ಕೊಡ್ರಿ" ಅಂದರೆ ಸಾಕು. ನಮ್ಮ ಹಿತ್ತಲಿನ ಗಿಡಗಳಿಗೆ ತಳಿಯ ಹೆಸರಿರಲಿಲ್ಲ, ಕೊಟ್ಟವರ ಹೆಸರಿತ್ತು. ಇದು ಎಷ್ಟು ಚೆಂದದ ವ್ಯವಸ್ಥೆ ಅಂತ ದೂರ ಬಂದ ಮೇಲೆ ನನಗೆ ತಿಳಿಯಿತು. ಆದರೆ ಕಡ್ಡಿಯಿಂದ, ಬುಡದಿಂದ ಬರುವುದು ಇದ್ದ ಗಿಡವೇ. ಹೊಸದು ಬೇಕೆಂದರೆ ಅಂಗಡಿಗೇ ಹೋಗಬೇಕು ಅಂತ ನಾವು ಯಾಕೋ ನಂಬಿಬಿಟ್ಟಿದ್ದೇವೆ. ತರಕಾರಿಗೆ ಬೀಜ ಬಿಡುವ ಕೈ ಹೂವಿಗೂ ಬಿಡಬಹುದು.

ಆನ್‌ಲೈನ್ ಅಂಗಡಿಯಿಂದ ನನಗೊಂದು ಪೆಟ್ಟು ಬಿತ್ತು. ಅವ್ವನಿಗೆ ಅಂತ "ನೀಲಿ ಡೇಲಿಲಿ ಬೀಜ" ತರಿಸಿದೆ. ಚಿತ್ರದಲ್ಲಿ ಆಕಾಶದಂಥ ನೀಲಿ. ಅವ್ವ ಎರಡು ತಿಂಗಳು ನೀರು ಹಾಕಿದಳು, ಒಂದೂ ಮೊಳೆಯಲಿಲ್ಲ. ಅಪ್ಪಟ ನೀಲಿ ಡೇಲಿಲಿ ಇವತ್ತಿನವರೆಗೂ ಹುಟ್ಟಿಲ್ಲ. ನೇರಳೆ ಇದೆ, ಹೂವಿನ ಕಣ್ಣಿನ ಸುತ್ತ ನೀಲಿ ಛಾಯೆ ಇರುವವೂ ಇವೆ, ಅಷ್ಟೇ. ನೀವು ದುಡ್ಡು ಕೊಡುವ ಮುಂಚೆ ಇದು ನೆನಪಿರಲಿ.

ಆಮೇಲೆ ಅವ್ವ ಊರಿನ ನರ್ಸರಿಯಿಂದ ಎರಡು ಗಿಡ ತಂದಳು. ಒಂದು ಹಳದಿ, ಇನ್ನೊಂದು ಇಟ್ಟಿಗೆ ಕೆಂಪು. ಎರಡೂ ವರ್ಷವಿಡೀ ಹಸಿರಾಗಿರುವ ಬಗೆ. ನಮ್ಮ ಕಡೆಗೆ ಇಂಥವೇ ಬೇಕು. ಚಳಿಗಾಲದಲ್ಲಿ ಎಲೆ ಒಣಗಿ ಮಲಗುವ ಬಗೆಗಳು ಚಳಿ ಸಿಗದೆ ಸೊರಗುತ್ತವೆ. ಏಪ್ರಿಲ್‌ನಲ್ಲಿ ಅವ್ವ ಫೋನಿನಲ್ಲಿ ನನ್ನನ್ನು ಕೇಳಿಕೊಂಡು ಪರಾಗ ಸವರಿದಳು. ಒಂದು ಕಾಯಿಯೂ ನಿಲ್ಲಲಿಲ್ಲ. 38 ಡಿಗ್ರಿ ಬಿಸಿಲಲ್ಲಿ ಪರಾಗದ ಕಸುವು ಹೋಗುತ್ತದೆ. ನಾನು ರಜೆಗೆ ಊರಿಗೆ ಹೋದದ್ದು 2023ರ ಜೂನ್‌ನಲ್ಲಿ. ಬಿಸಿಲು ತಗ್ಗಿತ್ತು. ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಇಬ್ಬರೂ ಕೂಡಿ ಸವರಿದೆವು. ಪರಾಗ ಒದ್ದೆಯಾದರೂ ಹತ್ತುವುದಿಲ್ಲ, ಹಾಗಾಗಿ ಒಣಹವೆಯೇ ಬೇಕು. ಚೀಟಿಯ ಬದಲು ಅವ್ವ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತಂದು ಕಟ್ಟಿದಳು.

ಈ ಹೊತ್ತಿಗೆ ಅವ್ವನಿಗೆ ಒಂದು ಅನುಮಾನ ಬಂತು. ನಾನು ತೋರಿಸಿದ ಫೋಟೊದಲ್ಲಿ ಒಹಾಯೊ ರಸ್ತೆ ಬದಿ ತಾನಾಗಿ ಹಬ್ಬಿದ ಕೇಸರಿ ಡೇಲಿಲಿ ಇತ್ತು. "ಅದಕ್ಕ್ಯಾಕೆ ಕಾಯಿಲ್ಲ?" ಅಂದಳು. ಅದರಲ್ಲಿ ಪ್ರತಿ ಕ್ರೋಮೋಸೋಮೂ ಎರಡರ ಬದಲು ಮೂರು ಇರುತ್ತದೆ. ಮೂರನ್ನು ಎರಡಕ್ಕೆ ಸಮನಾಗಿ ಹಂಚಲು ಆಗದೆ ಬೀಜ ಕಟ್ಟುವುದಿಲ್ಲ. ನಮ್ಮ ಡೆಲ್ಲಿ ಕನಕಾಂಬರದ ಕಥೆಯೂ ಇದೇ. ಊರ ಕನಕಾಂಬರದ ಒಣಕಾಯಿಗೆ ನೀರು ತಾಗಿದರೆ ಚಟ್ ಅಂತ ಸಿಡಿದು ಬೀಜ ಹಾರುತ್ತದೆ. ಡೆಲ್ಲಿಯದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಡೆಲ್ಲಿ ಕನಕಾಂಬರ ಅಂದಕೂಡಲೇ ಅವ್ವನಿಗೆ ಎಲ್ಲ ಅರ್ಥವಾಯಿತು.

ಆಗಸ್ಟ್‌ನಲ್ಲಿ ಹದಿನೇಳು ಬೀಜ ಸಿಕ್ಕವು. ಅವ್ವ ಮೊಸರಿನ ಡಬ್ಬಿಗಳಿಗೆ ತೂತು ಮಾಡಿ, ಮಣ್ಣು, ಮರಳು, ಗೊಬ್ಬರ ಬೆರೆಸಿ ಬಿತ್ತಿದಳು. ಮೂರು ವಾರದೊಳಗೆ ಹದಿಮೂರು ಮೊಳೆತವು. ಮೊದಲ ಹೂವು 2024ರ ಅಕ್ಟೋಬರ್‌ನಲ್ಲಿ ಬಂತು. ಹದಿನಾಲ್ಕು ತಿಂಗಳು! ನನ್ನ ಒಹಾಯೊ ಬೀಜಗಳನ್ನು ಒದ್ದೆ ಮರಳಲ್ಲಿ ಕಲಸಿ ವಾರಗಟ್ಟಲೆ ಫ್ರಿಜ್ಜಿನಲ್ಲಿಟ್ಟು, 2022ರ ಫೆಬ್ರವರಿಯಲ್ಲಿ ಮನೆಯೊಳಗೆ ದೀಪದ ಕೆಳಗೆ ಬಿತ್ತಿದ್ದೆ. ಅವು ಹೂ ಬಿಟ್ಟದ್ದು 2024ರ ಜುಲೈನಲ್ಲಿ. ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಗಿಡ ಬೆಳೆಯುವುದೇ ಇಲ್ಲ. ದಾವಣಗೆರೆಯಲ್ಲಿ ಒಂದು ದಿನವೂ ನಿಲ್ಲುವುದಿಲ್ಲ.

ಹೂ ನೋಡಿದ ಮೇಲೆ ಏನು ಮಾಡಬೇಕು ಅನ್ನುವಲ್ಲಿ ನನಗೂ ಅವ್ವನಿಗೂ ಒಮ್ಮತವಿಲ್ಲ. ಇಲ್ಲಿಯವರು ನೂರು ಸಸಿಯಲ್ಲಿ ನಾಲ್ಕೈದು ಉಳಿಸಿಕೊಂಡು ಮಿಕ್ಕದ್ದನ್ನು ಗೊಬ್ಬರದ ಗುಂಡಿಗೆ ಹಾಕುತ್ತಾರೆ. ನಾನೂ ಹಾಗೇ ಮಾಡುತ್ತೇನೆ, ಜಾಗ ಸಾಲುವುದಿಲ್ಲ. ಅವ್ವನಿಗೆ ಇದನ್ನು ಕೇಳಿಯೇ ಬೇಜಾರಾಯಿತು. "ಹುಟ್ಟಿದ್ದನ್ನ ಕಿತ್ತು ಎಸೀತಾರಾ?" ಅಂದು ಹದಿಮೂರರಲ್ಲಿ ಒಂಬತ್ತನ್ನು ಬೀದಿಯ ಮನೆಗಳಿಗೆ ಹಂಚಿದಳು. ಈ ವಿಷಯದಲ್ಲಿ ಅವ್ವನೇ ಸರಿ. ಆದರೆ ಹಂಚುವಾಗ ಚೀಟಿ ಇರಲಿಲ್ಲ, ದಾರವೂ ಇರಲಿಲ್ಲ. ಯಾರ ಮನೆಗೆ ಯಾವ ಸಸಿ ಹೋಯಿತು ಅಂತ ಈಗ ಹೇಳೋಕಾಗಲ್ಲ. ಅವುಗಳಲ್ಲಿ ಒಂದು, ಹಳದಿ ಅಂಚಿನ ಕೆಂಪು, ನಾನು ಇಲ್ಲಿ ನೋಡಿದ ಎಷ್ಟೋ ಹೆಸರಾಂತ ತಳಿಗಳಿಗಿಂತ ಚೆಂದವಿತ್ತು. ಅದರ ಫೋಟೊ ಮಾತ್ರ ನನ್ನ ಹತ್ತಿರ ಇದೆ. ಗಿಡ ಕೊಡುವಾಗ ಜೊತೆಗೆ ಒಂದು ಐಸ್‌ಕ್ರೀಂ ಕಡ್ಡಿಯ ಮೇಲೆ ಪೆನ್ಸಿಲ್‌ನಲ್ಲಿ ತಾಯಿ, ತಂದೆ, ಬಿತ್ತಿದ ತಿಂಗಳು ಬರೆದು ಸಿಗಿಸಿದ್ದರೆ ಸಾಕಿತ್ತು.

ಕುಂದುವಾಡ ಕೆರೆ ಹತ್ತಿರದ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ನಡೆದಾಗ ಜನ ಎಷ್ಟು ಸೇರುತ್ತಾರೆ! ಅಲ್ಲಿ ಒಂದು ಮೇಜನ್ನು ಮನೆಯಲ್ಲಿ ಬೀಜದಿಂದ ಬೆಳೆಸಿದ ಹೂವಿಗೆ ಮೀಸಲಿಡಬೇಕು ಅಂತ ನನ್ನ ಆಸೆ. ಡೇಲಿಲಿಯೇ ಆಗಬೇಕಿಲ್ಲ. ಸೇವಂತಿಗೆ ಆಗಬಹುದು, ದಾಸವಾಳ ಆಗಬಹುದು. ಬೆಳೆಸಿದವರು ಇಟ್ಟ ಹೆಸರು, ಅವರ ಬೀದಿಯ ಹೆಸರು ಕುಂಡದ ಮೇಲಿರಲಿ.

ಮೊನ್ನೆ ಅವ್ವ ಫೋನ್ ಮಾಡಿದ್ದಳು. ಉಳಿಸಿಕೊಂಡ ನಾಲ್ಕರಲ್ಲಿ ಒಂದಕ್ಕೆ ಪರಾಗ ಸವರಿದ್ದಾಳಂತೆ. ನನ್ನನ್ನು ಕೇಳಿರಲೇ ಇಲ್ಲ. "ಎರಡು ಕಾಯಿ ನಿಂತಿದಾವೆ, ಬೀಜಕ್ಕೆ ಬಿಟ್ಟೀನಿ" ಅಂದಳು. ತಂದೆ ಯಾವುದು ಅಂತ ಕೇಳಿದೆ. ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳಂತೆ.