ಶನಿವಾರದ ಸುಣ್ಣ

ಯೇಸು ಶಿಲುಬೆಯ ಮೇಲೆ ಆಡಿದ ಏಳು ವಾಕ್ಯಗಳ ಶುಭ ಶುಕ್ರವಾರದ ಧ್ಯಾನ ಮುಗಿದು, ಈಸ್ಟರ್ ಇನ್ನೂ ಬಾರದಿರುವ ನಡುವಿನ ಶನಿವಾರದಂದು, ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಯ ಮನೆಮನೆಯವರು ಸುಣ್ಣದ ಬಕೆಟ್ಟು, ಬ್ರಷ್ಷು, ಕುಡುಗೋಲು ಹಿಡಿದು ಸಮಾಧಿ ತೋಟಕ್ಕೆ ಹೋಗುತ್ತಾರೆ. ಮರುದಿನ ಬೆಳಗಿನ ಜಾವದ ಆರಾಧನೆ ಅಲ್ಲಿಯೇ ನಡೆಯುವುದರಿಂದ ಅಷ್ಟರೊಳಗೆ ತಮ್ಮ ತಮ್ಮವರ ಗೋರಿಗಳನ್ನು ಶುಚಿ ಮಾಡಬೇಕು. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಬೇಕೆಂದು ಅವ್ವ ಕಲಿಸಿದ್ದಳು. ಇಲ್ಲದಿದ್ದರೆ ಒಣಗಿದ ಮೇಲೆ ಮಾಸಲು ಬಣ್ಣಕ್ಕೆ ತಿರುಗುತ್ತದೆ. ಮೂರು ವರ್ಷದಿಂದ ಆ ನೀಲಿ ಬೆರೆಸಿದ ಸುಣ್ಣವನ್ನು ಅವಳ ಗೋರಿಗೇ ಹಚ್ಚುತ್ತಿದ್ದೇನೆ.

ಸುಣ್ಣ ಹಚ್ಚುವುದಕ್ಕಿಂತ ದೊಡ್ಡ ಕೆಲಸ ಜಾಲಿ ಕಡಿಯುವುದು. ನಾಡೆಲ್ಲ ಇದನ್ನು ಬಳ್ಳಾರಿ ಜಾಲಿ ಎಂದೇ ಕರೆಯುವಾಗ ಬಳ್ಳಾರಿಯ ಸ್ಮಶಾನವನ್ನು ಅದು ಬಿಟ್ಟೀತೇ? ಹೋದ ವರ್ಷ ಬುಡಸಮೇತ ಕಡಿದದ್ದು ಈ ವರ್ಷ ಎದೆಮಟ್ಟ ನಿಂತಿತ್ತು. ಅಂಗೈಗೆ ಮುಳ್ಳು ಚುಚ್ಚಿಸಿಕೊಂಡು ನಾನು ಗೊಣಗುತ್ತಿದ್ದಾಗ, ತೋಟ ಕಾಯುವ ಹಿರಿಯರು ಬೀಡಿ ಹಚ್ಚಿಕೊಳ್ಳುತ್ತ, "ಬುಡ ಸುಟ್ರೂ ಬರ್ತದ್ರೀ ಸಾರ್, ಇದು ಸಾಯೋ ಜಾತಿ ಅಲ್ಲ" ಎಂದರು. ಪುನರುತ್ಥಾನಕ್ಕೆ, ಸತ್ತವರು ಮತ್ತೆ ಏಳುವುದಕ್ಕೆ, ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೇ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಆದರೆ ಅವರ ಮಾತಿನ ಕೊನೆಯ ತುಂಡು ಆ ದೃಷ್ಟಾಂತವನ್ನೇ ಮುರಿಯಿತು. ಜಾಲಿ ಮತ್ತೆ ಚಿಗುರುವುದು ಅದು ಸತ್ತಿರಲಿಲ್ಲವೆಂಬ ಕಾರಣಕ್ಕೆ. ಅವ್ವ ಸತ್ತಿದ್ದಾಳೆ. ಶುಕ್ರವಾರದ ಸಾಯಂಕಾಲ ಯೇಸುವೂ ಸತ್ತಿದ್ದನು. ಆತನ ದೇಹವನ್ನು ನಾರುಬಟ್ಟೆಯಲ್ಲಿ ಸುತ್ತಿ, ಬಂಡೆಯಲ್ಲಿ ಕೊರೆದ ಸಮಾಧಿಯಲ್ಲಿಟ್ಟು, ಬಾಗಿಲಿಗೆ ಕಲ್ಲು ಉರುಳಿಸಿದರು.

ಈಸ್ಟರ್ ದಿನ ಬೋಧಕರು ಮಾಡುವ ಪ್ರಸಂಗಗಳಲ್ಲಿ ಮೊಟ್ಟೆ, ಚಿಟ್ಟೆ, ವಸಂತದ ಚಿಗುರು ಇವೆಲ್ಲ ತಪ್ಪದೆ ಬರುತ್ತವೆ. ಹಿಮ ಕರಗಿ ಹೂವರಳುವ ನಾಡುಗಳಿಂದ ಬಂದ ಈ ಮಾತುಗಳು ನಮ್ಮಲ್ಲಿ ಬೇರು ಬಿಟ್ಟಿಲ್ಲವೆಂದೇ ನನ್ನ ಅನಿಸಿಕೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರವೇ ಈಸ್ಟರ್ ಆದ್ದರಿಂದ, ಅದು ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25ನ್ನು ದಾಟುವುದಿಲ್ಲ. 2025ರಲ್ಲಿ ಏಪ್ರಿಲ್ 20ರಂದು ಬಂದಿತ್ತು, 2026ರಲ್ಲಿ ಏಪ್ರಿಲ್ 5ರಂದು. ಅಂದರೆ ಬಳ್ಳಾರಿ, ರಾಯಚೂರುಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸು ಸುಳಿಯುವ, ಗುಡ್ಡದ ಗುಂಡುಗಳು ರಾತ್ರಿ ಎಂಟಾದರೂ ಕಾವು ಬಿಡದ ಕಾಲ. ಯುಗಾದಿಯ ಹೊತ್ತಿಗೆ ಬೇವು ಹೂ ಬಿಡುತ್ತದೆ, ಹೊಂಗೆ ತಳಿರೊಡೆಯುತ್ತದೆ, ನಿಜ. ಆ ಹಬ್ಬದ ಸೊಗಸಿರುವುದೇ ಮರಳಿ ಮರಳಿ ಬರುವುದರಲ್ಲಿ. ಈಸ್ಟರಿನ ಸಾಕ್ಷಿ ಬೇರೆಯದು. ಒಂದೇ ಸಲ, ಒಂದು ಊರಿನ ಹೊರಗೆ, ಸತ್ತವನೊಬ್ಬನು ಎದ್ದನು ಎಂಬುದೇ ಅದು ಹೇಳುವ ಸುದ್ದಿ. ಋತುಚಕ್ರದಿಂದ ಅದನ್ನು ಸಾಧಿಸಿ ತೋರಿಸಲಾಗದು. ಕ್ರಿ.ಶ. 55ರ ಸುಮಾರಿಗೆ ಕೊರಿಂಥ ಪಟ್ಟಣದ ಸಭೆಯವರಿಗೆ ಪತ್ರ ಬರೆದ ಅಪೊಸ್ತಲ ಪೌಲನು ಕಾಳಿನ ಹೋಲಿಕೆ ಕೊಟ್ಟಿದ್ದಾನೆ, ಅಲ್ಲವೆನ್ನುವುದಿಲ್ಲ; ಆದರೆ ಅವನೂ ಕಾಳು ಸಾಯಬೇಕೆಂದು ಹೇಳಿಯೇ ಮುಂದೆ ಹೋಗುತ್ತಾನೆ, ಅದಕ್ಕೆ ದೇಹ ಕೊಡುವವನು ದೇವರು ಎನ್ನುತ್ತಾನೆ. ಅದೇ ಅಧ್ಯಾಯದಲ್ಲಿ, ಕ್ರಿಸ್ತನು ಏಳದೆ ಇದ್ದಿದ್ದರೆ ನಮ್ಮ ಬೋಧನೆಯೂ ನಿಮ್ಮ ನಂಬಿಕೆಯೂ ಹುರುಳಿಲ್ಲದ್ದು ಎಂದು ತನ್ನ ಪಂಗಡವನ್ನೇ ಪಣಕ್ಕಿಡುತ್ತಾನೆ.

ಇಷ್ಟು ಕಟುವಾದ ಸುದ್ದಿಯನ್ನು ನಾವು ಅಗ್ಗದ ಭರವಸೆಯಾಗಿ ಹಂಚುತ್ತಿದ್ದೇವೆ ಎಂಬುದು ನನ್ನ ದೂರು. "ಈ ಈಸ್ಟರಿಗೆ ನಿಮ್ಮ ಸಾಲದ ಕಲ್ಲು ಉರುಳುವುದು, ಕೆಲಸದ ಕಲ್ಲು ಉರುಳುವುದು" ಎಂಬ ವಾಟ್ಸಾಪ್ ಸಂದೇಶಗಳು ನಿಮಗೂ ಬಂದಿರುತ್ತವೆ. ಅವ್ವ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದ ದಿನಗಳಲ್ಲಿ, ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ಮನೆಗೆ ಬಂದು ಪ್ರಾರ್ಥನೆ ಮಾಡಿ, ನಿಜವಾದ ನಂಬಿಕೆಯಿದ್ದರೆ ಈ ಮಷಿನ್ನಿನ ಹಂಗೇಕೆ ಎಂದು ಕೇಳಿ ಹೋದರು. ನನಗೆ ಮೈಯೆಲ್ಲ ಉರಿದಿತ್ತು. ಅವ್ವ ಮಾತ್ರ ಚಹಾದ ಲೋಟಗಳನ್ನು ಎತ್ತಿಡುತ್ತ, "ಪಾಪ, ಅವರಿಗೆ ಕಾಯ್ದು ಗೊತ್ತಿಲ್ಲ" ಎಂದಳು.

ಆ "ಕಾಯ್ದು" ಎಂಬ ಮಾತು ನನ್ನಲ್ಲಿ ಉಳಿದಿದೆ. ನಂಬಿಕೆ, ನಿರೀಕ್ಷೆ, ಪ್ರೀತಿ ಈ ಮೂರೇ ನಿಲ್ಲುತ್ತವೆ ಎಂದು ನಾವು ಬಾಯಿಪಾಠ ಮಾಡಿದ ಕನ್ನಡ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ನಡುವಿನದು ಭರವಸೆಯಲ್ಲ, ನಿರೀಕ್ಷೆ. ಭರವಸೆಯನ್ನು ಇನ್ನೊಬ್ಬರು ಕೊಡಬಹುದು, ಚುನಾವಣೆ ಬಂದರೆ ರಾಶಿ ರಾಶಿ ಕೊಡುತ್ತಾರೆ. ನಿರೀಕ್ಷೆಯನ್ನು ಮಾಡುವವರು ನಾವೇ; ಅದು ದಾರಿ ನೋಡುವ ಕೆಲಸ. ಲಂಡನ್ ಮಿಷನ್ನಿನ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಸತ್ಯವೇದವನ್ನು ಕನ್ನಡಕ್ಕೆ ತರಲು ಇದೇ ಊರಿನಲ್ಲಿ ವರ್ಷಗಟ್ಟಲೆ ದುಡಿದರು. ಮಳೆಯ ದಾರಿ ನೋಡುವುದೇ ಬದುಕಾದ ಈ ಸೀಮೆಯ ಸತ್ಯವೇದಕ್ಕೆ ನಿರೀಕ್ಷೆ ಎಂಬ ಪದ ಒಪ್ಪುತ್ತದೆಂದು ನನಗೆ ಸಂತೋಷ. ಯೇಸು ಸತ್ತ ಮೇಲೆ ಎಮ್ಮಾಹು ಎಂಬ ಹಳ್ಳಿಯ ದಾರಿ ಹಿಡಿದ ಇಬ್ಬರು ಶಿಷ್ಯರು ಗುರುತು ಸಿಗದ ಜೊತೆಗಾರನಿಗೆ, ಅಂದರೆ ಎದ್ದ ಯೇಸುವಿಗೇ, ಹೇಳಿದ್ದೂ ತಾವು ನಿರೀಕ್ಷಿಸಿಕೊಂಡಿದ್ದೆವು ಎಂದೇ, ಮುಗಿದುಹೋದ ಕಾಲದಲ್ಲಿ. ಆಸ್ಪತ್ರೆಯ ಬೆಂಚಿನ ಮೇಲೆ ಅದೇ ಕಾಲದಲ್ಲಿ ಮಾತಾಡುವವರನ್ನು ನಾನು ಬಹಳ ನೋಡಿದ್ದೇನೆ. ಅವ್ವ ಆ ಬೆಂಚಿನಲ್ಲಿ ಕುಳಿತು ಪಕ್ಕದವರ ಮಗಳ ಮದುವೆಯ ಮಾತುಕತೆ ವಿಚಾರಿಸುತ್ತಿದ್ದಳು. ಅವಳು ಗುಣವಾಗಲಿಲ್ಲ. ಅವಳ ನಿರೀಕ್ಷೆ ಸುಳ್ಳಾಯಿತೆಂದು ಮಾತ್ರ ನಾನು ಒಪ್ಪಲಾರೆ, ಏಕೆಂದರೆ ಅದು ಕಿಡ್ನಿಯ ಮೇಲೆ ನಿಂತಿರಲಿಲ್ಲ.

ಭಾನುವಾರದ ಬೆಳಗನ್ನು ನಾವು ಜಯಘೋಷದಿಂದ ತುಂಬುತ್ತೇವೆ, ತುಂಬಲೇಬೇಕು. ಆದರೂ ಮಾರ್ಕನ ಸುವಾರ್ತೆಯನ್ನು ನಿಧಾನವಾಗಿ ಓದಿದರೆ ಆ ಬೆಳಗಿನಲ್ಲಿ ಘೋಷವೇ ಇಲ್ಲ. ಮಗ್ದಲದ ಮರಿಯಳು, ಯಾಕೋಬನ ತಾಯಿಯಾದ ಮರಿಯಳು, ಸಲೋಮೆ ಈ ಮೂವರು ಸುಗಂಧದ್ರವ್ಯ ಹಿಡಿದು ಹೋಗುತ್ತ, ಕಲ್ಲನ್ನು ನಮಗೋಸ್ಕರ ಉರುಳಿಸುವವರು ಯಾರು ಎಂದು ಮಾತಾಡಿಕೊಳ್ಳುತ್ತಾರೆ. ಉತ್ತರವಿಲ್ಲದಿದ್ದರೂ ಅವರು ಹಿಂದಿರುಗುವುದಿಲ್ಲ. ಹೆಣಕ್ಕೆ ಮಾಡಬೇಕಾದ ಉಪಚಾರಕ್ಕೆಂದು ಹೊರಟವರು ಅವರು. ಪುನರುತ್ಥಾನದ ಕಲ್ಪನೆಯೂ ಅವರಿಗಿರಲಿಲ್ಲ. ಸೈನಾಯ್ಟಿಕಸ್, ವ್ಯಾಟಿಕನಸ್ ಎಂಬ 4ನೇ ಶತಮಾನದ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ ನಿಲ್ಲುವುದು 16ನೇ ಅಧ್ಯಾಯದ 8ನೇ ವಚನಕ್ಕೆ: ಆ ಹೆಂಗಸರು ನಡುಗುತ್ತ ಓಡಿಹೋದರು, ಭಯದಿಂದ ಯಾರಿಗೂ ಏನೂ ಹೇಳಲಿಲ್ಲ. ನಮ್ಮ ಸಭೆಯಲ್ಲಿ ಈಸ್ಟರಿಗೆ ಈ ವಚನದವರೆಗೆ ಓದಿ ನಿಲ್ಲಿಸಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಒಮ್ಮೆ ನಿಲ್ಲಿಸಬೇಕು. ಬಾಯಿ ಕಟ್ಟಿದವರಿಗೂ ಆ ಬೆಳಗಿನಲ್ಲಿ ಪಾಲಿದೆಯೆಂದು ಜನರಿಗೆ ತಿಳಿಯಬೇಕು.

ಈ ಸಲ ಬೆಳಗಿನ ಐದಕ್ಕೆ ಮುಂಚೆಯೇ ಎಲ್ಲರೂ ಅವರವರ ಗೋರಿಗಳ ಬಳಿ ಮೇಣದ ಬತ್ತಿ ಹಚ್ಚಿಕೊಂಡು ನಿಂತಿದ್ದೆವು. ಸುಣ್ಣದ ವಾಸನೆಯಿನ್ನೂ ಹೋಗಿರಲಿಲ್ಲ, ನನ್ನ ಉಗುರುಗಳ ಸಂದಿಯಲ್ಲಿಯೂ ಬಿಳುಪಿತ್ತು. ಸಭೆಯ ಪಾದ್ರಿ ಅಯ್ಯನವರು ಕತ್ತಲಲ್ಲಿ "ಕ್ರಿಸ್ತನು ಎದ್ದಿದ್ದಾನೆ" ಎಂದು ಕೂಗಿದರು; ನಾವು "ನಿಜವಾಗಿಯೂ ಎದ್ದಿದ್ದಾನೆ" ಎಂದೆವು. ಎರಡು ಗೋರಿಗಳಾಚೆ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದಲ್ಲಿಯೇ ಗಂಡನನ್ನು ಮಣ್ಣು ಮಾಡಿದ ತಾಯಿಯೊಬ್ಬರು ನಿಂತಿದ್ದರು. ಅಲ್ಲಿ ಕಟ್ಟೆಯಿನ್ನೂ ಕಟ್ಟಿಸಿರಲಿಲ್ಲ, ಸುಣ್ಣ ಹಚ್ಚಲು ಏನೂ ಇರಲಿಲ್ಲ, ಬರೀ ಕೆಂಪು ಮಣ್ಣಿನ ದಿಬ್ಬ. ಅವರು ಆ ಮಾತಿಗೆ ತುಟಿ ತೆರೆಯಲಿಲ್ಲ. ಸೆರಗನ್ನು ಗಾಳಿಗೆ ಅಡ್ಡ ಹಿಡಿದಿದ್ದರೂ ಅವರ ಬತ್ತಿ ಎರಡು ಸಲ ಆರಿತು. ಎರಡು ಸಲವೂ ಅವರು ನನ್ನ ಬಳಿಗೆ ನಡೆದು ಬಂದು ಹಚ್ಚಿಕೊಂಡು ಹೋದರು.