ಯಾವ ಕಾಲೇಜು ಅಂತ ಕೇಳೋ ಮುಂಚೆ

ಮೂರು ವಾರದಿಂದ ನಮ್ಮನೆ ಊಟದ ಮೇಜಿನ ತುಂಬಾ ಹದಿನೇಳು ಹದಿನೆಂಟು ವರ್ಷದ ಮಕ್ಕಳ ಕೈಬರಹ. ಇಲ್ಲಿ ಅಮೆರಿಕದಲ್ಲಿ ಹನ್ನೆರಡನೇ ಕ್ಲಾಸಿನವರನ್ನು ಸೀನಿಯರ್ ಅಂತಾರೆ. ನನ್ನ ಮಗಳು ಈ ಸಲ ಸೀನಿಯರ್, 2026ರ ಬ್ಯಾಚು. ಜೂನ್‌ನಲ್ಲಿ ಗ್ರ್ಯಾಜುಯೇಷನ್. ಅವಳ ಹೈಸ್ಕೂಲಿನಲ್ಲಿ ವರ್ಷಾ ವರ್ಷಾ ಸೀನಿಯರ್‌ಗಳಿಗೆ ಅಂತಲೇ ಒಂದು ಪುಟ್ಟ ಪುಸ್ತಕ ಮಾಡಿ ಹಂಚುತ್ತಾರೆ. ಒಬ್ಬೊಬ್ಬರದ್ದೂ ಒಂದು ಫೋಟೊ, ನಾಲ್ಕು ಪ್ರಶ್ನೆ. ಸ್ಕೂಲಿನಲ್ಲಿ ಏನನ್ನು ಮಿಸ್ ಮಾಡಿಕೊಳ್ತೀರಿ, ಒಂಬತ್ತನೇ ಕ್ಲಾಸಿನವರಿಗೆ ಏನು ಹೇಳ್ತೀರಿ, ಯಾರಿಗೆ ಥ್ಯಾಂಕ್ಸ್ ಹೇಳಬೇಕು, ಹತ್ತು ವರ್ಷ ಆದಮೇಲೆ ಎಲ್ಲಿರ್ತೀರಿ. ಮಕ್ಕಳು ಕೈಯಲ್ಲೇ ಬರೆದು ಕೊಡುತ್ತಾರೆ. ಕೆಲವು ಪೋಷಕರು ಅದನ್ನು ಟೈಪ್ ಮಾಡಿ, ತಪ್ಪಿದ್ದರೆ ತಿದ್ದಿ ಕೊಡಬೇಕು. ನನ್ನ ಪಾಲಿಗೆ ಬಂದಿದ್ದು ಎಂಬತ್ತು ಚಿಲ್ಲರೆ ಫಾರ್ಮು.

ಮೊದಲ ರಾತ್ರಿ ಹತ್ತು ಮುಗಿಸಿ ಮಲಗೋಣ ಅಂತ ಕೂತವಳು ಹನ್ನೆರಡೂವರೆ ಆದರೂ ಏಳಲಿಲ್ಲ.

ಏನನ್ನು ಮಿಸ್ ಮಾಡಿಕೊಳ್ತೀರಿ ಅನ್ನೋದಕ್ಕೆ ಒಬ್ಬ ಹುಡುಗ ಬರೆದಿದ್ದ: ‘ಎರಡನೇ ಮಹಡಿ ಮೂಲೆಯ ನಲ್ಲಿ. ಇಡೀ ಸ್ಕೂಲಿನಲ್ಲಿ ತಣ್ಣಗಿರೋ ನೀರು ಬರೋದು ಅದೊಂದರಲ್ಲೇ. ನಾಲ್ಕು ವರ್ಷ ಯಾರಿಗೂ ಹೇಳದೆ ಕಾಪಾಡಿದ್ದೇನೆ. ಇನ್ನು ನಿಮ್ಮ ಜವಾಬ್ದಾರಿ.’ ಹತ್ತು ವರ್ಷದ ಪ್ರಶ್ನೆಗೆ ಒಬ್ಬಳು: ‘ನನ್ನ ಕಾರಿನ ಚೆಕ್ ಎಂಜಿನ್ ಲೈಟ್ ಯಾಕೆ ಆರೋದಿಲ್ಲ ಅಂತ ಅಷ್ಟು ಹೊತ್ತಿಗಾದರೂ ಗೊತ್ತಾಗಿರುತ್ತೆ.’ ಇನ್ನೊಬ್ಬ ಹಾಳೆಯ ಕೆಳಗೆ ಚಿಕ್ಕದಾಗಿ, ‘ಇದೆಲ್ಲ ನಾನೇ ಬರೆದಿದ್ದು, ಸ್ಪೆಲ್ಲಿಂಗ್ ನೋಡಿದರೆ ಗೊತ್ತಾಗುತ್ತೆ’ ಅಂತ ಸೇರಿಸಿದ್ದ. ನಿಜಕ್ಕೂ ಮೂರು ಕಡೆ ತಪ್ಪಿತ್ತು. ನಾನು ತಿದ್ದಲಿಲ್ಲ. ತಿದ್ದಿದರೆ ಆ ಮಾತೇ ಸತ್ತುಹೋಗುತ್ತಿತ್ತು. ಈ ಮಕ್ಕಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, 2022ರ ನವೆಂಬರ್ ಕೊನೆಯಲ್ಲಿ, ಚಾಟ್‌ಜಿಪಿಟಿ ಬಂತು. ಅಲ್ಲಿಂದ ಇಲ್ಲಿವರೆಗೂ ಏನು ಚೆನ್ನಾಗಿ ಬರೆದರೂ ‘ಇದು ನೀನೇ ಬರೆದಿದ್ದಾ?’ ಅನ್ನೋ ಪ್ರಶ್ನೆ ಕೇಳಿಸಿಕೊಂಡೇ ಬೆಳೆದವರು. ಆ ನೋವನ್ನು ಅವನು ಒಂದೇ ಸಾಲಿನಲ್ಲಿ ನಗಿಸುತ್ತಾ ಹೇಳಿಬಿಟ್ಟಿದ್ದಾನೆ.

(ಇಲ್ಲಿ ಹಾಕಿರೋ ಸಾಲುಗಳನ್ನೆಲ್ಲ ಆಯಾ ಮಕ್ಕಳನ್ನು ಕೇಳಿಯೇ ಹಾಕಿದ್ದೇನೆ. ಹೆಸರು ಹೇಳುವುದಿಲ್ಲ.)

ಇದನ್ನೆಲ್ಲ ಓದುತ್ತಾ ಹೋದ ಹಾಗೆ ನನಗೆ ನಮ್ಮ ಮನೆಯಲ್ಲೇ ನಡೆದದ್ದು ನೆನಪಾಗಿ ಹೊಟ್ಟೆಯಲ್ಲಿ ಸಂಕಟ ಆಯಿತು. ಇಲ್ಲಿ ಕಾಲೇಜಿಗೆ ಅರ್ಜಿ ಹಾಕುವಾಗ ಕಾಮನ್ ಆ್ಯಪ್ ಅಂತ ಒಂದಿದೆ, ಎಷ್ಟೋ ಕಾಲೇಜುಗಳಿಗೆ ಸೇರಿಸಿ ಒಂದೇ ಅರ್ಜಿ. ಅದರಲ್ಲಿ ನೀನು ಯಾರು ಅಂತ ಒಂದು ಪ್ರಬಂಧ ಬರೆಯಬೇಕು, 650 ಪದ ಮೀರುವ ಹಾಗಿಲ್ಲ. ನನ್ನ ಮಗಳು ಕಳೆದ ಬೇಸಿಗೆಯಲ್ಲಿ ಮೊದಲ ಸಲ ಬರೆದಾಗ ಅದರಲ್ಲಿ ಒಂದು ಪ್ಯಾರಾ ಇತ್ತು. ಅವಳೂ ಅವಳ ತಮ್ಮನೂ ಕಾರಿನ ಮುಂದಿನ ಸೀಟಿಗೆ ಜಗಳ ಆಡುತ್ತಿದ್ದದ್ದು, ಆಮೇಲೆ ಅವಳು ಒಂದು ನೋಟ್‌ಬುಕ್ ಮಾಡಿ ಯಾವತ್ತು ಯಾರ ಸರದಿ, ಯಾರು ಯಾರಿಗೆ ಎಷ್ಟು ಸಲ ಬಾಕಿ ಅಂತ ಆರು ವರ್ಷದಿಂದ ಲೆಕ್ಕ ಇಟ್ಟಿರುವುದು. ಜ್ವರ ಬಂದ ದಿನಕ್ಕೆ ವಿನಾಯಿತಿ, ಸೋತ ಮ್ಯಾಚಿನಿಂದ ವಾಪಸ್ ಬರುವಾಗ ಸೋತವರಿಗೇ ಸೀಟು. ಓದಿ ನಾನು ಜೋರಾಗಿ ನಕ್ಕಿದ್ದೆ. ನಕ್ಕಮೇಲೆ ಏನು ಹೇಳಿದೆ ಗೊತ್ತಾ? ‘ಚೆನ್ನಾಗಿದೆ ಪುಟ್ಟಿ, ಆದರೆ ಸೀರಿಯಸ್ ಅನ್ನಿಸಲ್ಲ, ತೆಗೆದುಬಿಡು.’ ತೆಗೆದಳು. ಎಂಟು ಸಲ ತಿದ್ದಿದ ಮೇಲೆ ಉಳಿದ ಪ್ರಬಂಧದಲ್ಲಿ ನಾಯಕತ್ವ ಇತ್ತು, ಸೇವೆ ಇತ್ತು, ಅವಳು ಇರಲಿಲ್ಲ.

ಅದಕ್ಕೇ ಹೇಳ್ತಿರೋದು. ಈ ವಯಸ್ಸಿನ ಮಕ್ಕಳು ತಾವು ಯಾರು ಅನ್ನೋದನ್ನ ತಮಾಷೆಯಲ್ಲಿ ಹೇಳುತ್ತಾರೆ. ನಾವು ದೊಡ್ಡವರು ಅದನ್ನ ಹುಡುಗಾಟ ಅಂತ ಪಕ್ಕಕ್ಕಿಟ್ಟು, ಅವರು ನಮಗೋಸ್ಕರ ಎರವಲು ತಂದು ಆಡೋ ಗಂಭೀರ ಮಾತನ್ನೇ ನಿಜ ಅಂತ ನಂಬ್ತೀವಿ.

‘ಎರಡು ವಾರ’ದ ವಿಷಯ ತಗೊಳ್ಳಿ. ನನ್ನ ಎಂಬತ್ತು ಫಾರ್ಮಿನಲ್ಲಿ ಕಡಿಮೆ ಅಂದರೂ ಹನ್ನೊಂದರಲ್ಲಿ ಈ ಜೋಕು ಇತ್ತು. ‘ಎರಡು ವಾರದಲ್ಲಿ ವಾಪಸ್ ಬರ್ತೀನಿ.’ ‘ಎರಡು ವಾರ ರಜೆ ಕೊಟ್ಟವರಿಗೆ ಥ್ಯಾಂಕ್ಸ್, ನಾನಿನ್ನೂ ಕಾಯ್ತಾ ಇದ್ದೀನಿ.’ ಮೊದಲು ನನಗೆ ಅರ್ಥ ಆಗಲಿಲ್ಲ. ಮಗಳನ್ನು ಕೇಳಿದೆ. ‘ಅಮ್ಮಾ, ಆರನೇ ಕ್ಲಾಸು’ ಅಂದಳು. 2020ರ ಮಾರ್ಚ್. ಇವರೆಲ್ಲ ಆಗ ಆರನೇ ಕ್ಲಾಸಿನಲ್ಲಿದ್ದರು. ಸ್ಕೂಲಿನವರು ಎರಡು ವಾರ ಮುಚ್ಚುತ್ತೇವೆ ಅಂದಿದ್ದರು. ಲಾಕರಿನಲ್ಲಿ ಶೂ, ಅರ್ಧ ಮುಗಿದ ಪ್ರಾಜೆಕ್ಟು ಎಲ್ಲ ಬಿಟ್ಟು ಬಂದಿದ್ದ ಮಕ್ಕಳು ಮತ್ತೆ ಆ ಕ್ಲಾಸಿಗೆ ಕಾಲಿಡಲೇ ಇಲ್ಲ. ಏಳನೇ ಕ್ಲಾಸಿನಲ್ಲೂ ಎಷ್ಟೋ ದಿನ ಬೆಡ್‌ರೂಮಿನಲ್ಲಿ, ಕ್ಯಾಮೆರಾ ಆಫ್ ಮಾಡಿಕೊಂಡು. ಹನ್ನೊಂದು ಹನ್ನೆರಡು ವರ್ಷದ ಮಗುವಿಗೆ ದೊಡ್ಡವರು ಹೇಳೋ ದಿನಾಂಕಗಳು ಸುಳ್ಳಾಗಬಹುದು ಅಂತ ಆಗಲೇ ಗೊತ್ತಾಗಿಹೋಯಿತು. ಈಗ ಟೀಚರ್ ಯಾರಾದರೂ ‘ಇನ್ನೆರಡು ವಾರ ಅಷ್ಟೇ’ ಅಂದರೆ ಇಡೀ ಕ್ಲಾಸು ಗೊಳ್ ಅಂತ ನಗುತ್ತಂತೆ. ಆ ನಗುವಿನಲ್ಲಿ ಹೆದರಿಕೆಯೂ ಇದೆ, ಒಟ್ಟಿಗೆ ದಾಟಿ ಬಂದ ಸಲಿಗೆಯೂ ಇದೆ. ಅದೇ ವರ್ಷ ಸೀನಿಯರ್ ಆಗಿದ್ದ 2020ರ ಬ್ಯಾಚಿನ ಎಷ್ಟೋ ಮಕ್ಕಳು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೇ ಕೂತು ಸರ್ಟಿಫಿಕೇಟ್ ತಗೊಂಡಿದ್ದನ್ನು ಇವರು ಪುಟ್ಟ ಕಣ್ಣಲ್ಲಿ ನೋಡಿದ್ದಾರೆ. ಹಾಗಾಗಿ ಸ್ಟೇಜ್ ಹತ್ತಿ ನಡೆಯೋದು ಇವರಿಗೆ ಸುಮ್ನೆ ಸಿಗೋ ವಸ್ತು ಅಲ್ಲ.

ಮಕ್ಕಳಲ್ಲಿ ಹಬ್ಬಿದ ‘ಸಿಕ್ಸ್-ಸೆವೆನ್’ (ಆರು-ಏಳು) ಅನ್ನೋ ಕೂಗಾಟವನ್ನೂ ಇದೇ ಥರ ನೋಡಬೇಕು ಅನ್ನಿಸುತ್ತೆ. ಡಿಕ್ಷನರಿ ಡಾಟ್ ಕಾಮ್‌ನವರು 2025ರ ವರ್ಷದ ಪದ ಅಂತ ಅದನ್ನೇ ಆರಿಸಿದರು. ದೊಡ್ಡವರೆಲ್ಲ ಅರ್ಥ ಏನು ಅರ್ಥ ಏನು ಅಂತ ಹುಡುಕಿದ್ದೇ ಹುಡುಕಿದ್ದು. ಅರ್ಥ ಇಲ್ಲ. ಒಬ್ಬ ಕೂಗಿದರೆ ಇನ್ನೊಬ್ಬ ಕೂಗ್ತಾನೆ, ಕೈ ಮೇಲೆ ಕೆಳಗೆ ಆಡಿಸ್ತಾನೆ, ಅಷ್ಟೇ. ಜೊತೆಗಿದ್ದೀವಿ ಅನ್ನೋದೇ ಅದರ ಅರ್ಥ. ಸೀನಿಯರ್‌ಗಳು ಈಗ ಅದನ್ನ ಚಿಕ್ಕ ಮಕ್ಕಳ ಆಟ ಅಂತ ತಳ್ಳಿಹಾಕ್ತಾರೆ, ಆದರೂ ಗಡಿಯಾರದಲ್ಲಿ 6:07 ಕಂಡರೆ ನನ್ನ ಮಗಳ ಕೈ ತಾನಾಗೇ ಏಳುತ್ತೆ.

ಇನ್ನು ಕನಸುಗಳು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು.

ಒಂದು ಫಾರ್ಮು. ನೀಲಿ ಇಂಕು, ಅಕ್ಷರ ಸಣ್ಣ, ಎಡಕ್ಕೆ ವಾಲಿಕೊಂಡಿದೆ. ಮೊದಲ ಮೂರು ಪ್ರಶ್ನೆಗೆ ಒಂದೊಂದೇ ಪದ. ಹತ್ತು ವರ್ಷದ ಪ್ರಶ್ನೆಗೆ ಮೊದಲು ‘ಎಂಜಿನಿಯರ್’ ಅಂತ ಬರೆದು ಗೀಟು ಹಾಕಿದ್ದಾನೆ. ಅದರ ಪಕ್ಕ ‘ಶ್ರೀಮಂತ’ ಅಂತ ಬರೆದು ಅದಕ್ಕೂ ಗೀಟು. ಕೆಳಗಿನ ಸಾಲಿನಲ್ಲಿ: ‘ಅಮ್ಮ ನೈಟ್ ಶಿಫ್ಟ್ ಬಿಟ್ಟಿರಬೇಕು.’ ಅದರ ಕೆಳಗೆ, ಬೇರೆ ಪೆನ್ನಿನಲ್ಲಿ, ಆಮೇಲೆ ನೆನಪಾಗಿ ಬರೆದ ಹಾಗೆ: ‘ಒಂದು ನಾಯಿನೂ.’

ಆ ಹಾಳೆ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಗೀಟು ಹಾಕಿದ ಎರಡು ಪದ ನಮ್ಮಂಥವರಿಗೆ ಬರೆದದ್ದು, ಉಳಿದದ್ದು ಅವನದು. ಆ ನಾಯಿ ಬಂದಿದ್ದರಿಂದಲೇ ಮೊದಲ ಸಾಲು ಅಷ್ಟು ನಿಜ ಅನ್ನಿಸಿದ್ದು. ಅವನನ್ನು ಆಮೇಲೆ ಸ್ಕೂಲಿನ ಗೇಟಿನ ಹತ್ತಿರ ಮಾತಾಡಿಸಿದೆ. ಪೋಸ್ಟ್‌ನಲ್ಲಿ ಹಾಕಲಾ ಅಂತ ಕೇಳಿದೆ. ‘ಹಾಕಿ ಆಂಟಿ, ನಾಯಿದೂ ಹಾಕಿ’ ಅಂದ.

ಮೇ 1ರ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾವ ಕಾಲೇಜಿಗೆ ಹೋಗ್ತೀನಿ ಅಂತ ತೀರ್ಮಾನ ತಿಳಿಸೋಕೆ ಇಲ್ಲಿ ಸಾಮಾನ್ಯವಾಗಿ ಅದೇ ಕೊನೇ ದಿನ. ಆವತ್ತು ಮಕ್ಕಳು ತಾವು ಸೇರೋ ಕಾಲೇಜಿನ ಹೆಸರಿರೋ ಸ್ವೆಟ್‌ಶರ್ಟ್ ಹಾಕಿಕೊಂಡು ಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಚೆಂದವೇ. ಆದರೆ ಈ ದೇಶದಲ್ಲಿ ಹೈಸ್ಕೂಲ್ ಮುಗಿಸಿದ ಮಕ್ಕಳಲ್ಲಿ ಅದೇ ವರ್ಷ ಕಾಲೇಜಿಗೆ ಹೋಗೋರು ನೂರಕ್ಕೆ ಸುಮಾರು 60 ಮಂದಿ. ಉಳಿದವರು ಆವತ್ತು ಏನು ಹಾಕ್ಕೊಂಡು ಬರಬೇಕು? ನನ್ನ ಮಗಳ ಗೆಳೆಯ ಒಬ್ಬ ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಆಗಿ ಸೇರ್ತಾ ಇದ್ದಾನೆ. ಐದು ವರ್ಷದ ತರಬೇತಿ, ಕಲಿಯುತ್ತಲೇ ಸಂಬಳ, ಸಾಲ ಇಲ್ಲ. ನಾಲ್ಕು ವರ್ಷ ಸ್ಕೂಲಿನ ನಾಟಕಗಳಿಗೆಲ್ಲ ಲೈಟ್ ಬಿಟ್ಟವನು ಅವನೇ. ಥ್ಯಾಂಕ್ಸ್ ಯಾರಿಗೆ ಅನ್ನೋ ಕಡೆ ‘ಲೈಟ್ ಬೋರ್ಡಿನ 14ನೇ ಸ್ವಿಚ್ಚಿಗೆ, ಕೈಕೊಟ್ಟು ಕೈಕೊಟ್ಟು ನನಗೆ ಕೆಲಸ ಕಲಿಸಿದ್ದು ಅದೇ’ ಅಂತ ಬರೆದಿದ್ದಾನೆ. ಆವತ್ತು ಅವನು ಸ್ಕೂಲಿಗೇ ಬರಲಿಲ್ಲ. ಕೆಲಸಕ್ಕೆ, ಸೇನೆಗೆ, ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಹೋಗೋರನ್ನೂ ಅದೇ ಗೋಡೆಯ ಮೇಲೆ ಅದೇ ಸೈಜಿನ ಅಕ್ಷರದಲ್ಲಿ ಹಾಕೋ ಸ್ಕೂಲುಗಳೂ ಇವೆ. ಎಲ್ಲ ಕಡೆ ಹಾಗೇ ಆಗಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಮ್ಮ ಕನ್ನಡದವರಿಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಯುಗಾದಿ ಕಾರ್ಯಕ್ರಮದಲ್ಲಿ ನನ್ನ ಮಗಳನ್ನು ಎರಡು ಗಂಟೆಯಲ್ಲಿ ಹದಿನಾಲ್ಕು ಜನ ‘ಯಾವ ಕಾಲೇಜು?’ ಅಂತ ಕೇಳಿದರು. ಅವಳೇ ಎಣಿಸಿದ್ದು, ಲೆಕ್ಕ ಇಡೋದು ಅವಳ ಸ್ವಭಾವ. ಆಗ ಅವಳು ಎರಡು ಕಡೆ ವೇಟ್‌ಲಿಸ್ಟಿನಲ್ಲಿದ್ದಳು. ಹದಿನಾಲ್ಕು ಸಲವೂ ನಗುತ್ತಾ ‘ಇನ್ನೂ ನೋಡ್ಬೇಕು ಆಂಟಿ’ ಅಂದಳು. ಕಾರಿಗೆ ಬಂದು ಕೂತಮೇಲೆ ಮನೆ ಬರೋವರೆಗೂ ಮಾತಾಡಲಿಲ್ಲ. ಒಬ್ಬರು ಹಿರಿಯರು ಮಾತ್ರ, ‘ಏನಮ್ಮಾ, ನಿಮ್ಮ ಸ್ಕೂಲಲ್ಲಿ ತುಂಬಾ ನಗಿಸೋರು ಯಾರು?’ ಅಂತ ಕೇಳಿದರಂತೆ. ಅವರ ಹತ್ತಿರ ಇಪ್ಪತ್ತು ನಿಮಿಷ ಕೂತು ಹರಟಿದ್ದಳು. ಕಾಲೇಜಿನ ವಿಷಯವೂ ಅವಳೇ ಹೇಳಿದಳಂತೆ, ಅವರು ಕೇಳದೇನೇ.

ಜೂನ್‌ನಲ್ಲಿ ಎಲ್ಲರೂ ಒಂದೇ ಬಣ್ಣದ ಗೌನು, ಒಂದೇ ಥರದ ಟೋಪಿ ಹಾಕಿಕೊಂಡು ಸಾಲಾಗಿ ಬರ್ತಾರೆ. ಮೆರವಣಿಗೆಗೆ ಅದೇ ಹಳೇ ಸಂಗೀತ ನುಡಿಸ್ತಾರೆ. ಇಂಗ್ಲೆಂಡಿನ ಸಂಗೀತಗಾರ ಎಲ್ಗಾರ್ 1901ರಲ್ಲಿ ಮಾಡಿದ್ದು, 1905ರಲ್ಲಿ ಅವರಿಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಕೊಟ್ಟಾಗ ನುಡಿಸಿದ್ದು, ಅಲ್ಲಿಂದ ಇಡೀ ದೇಶಕ್ಕೆ ಹಬ್ಬಿತು. ಟೋಪಿಯ ಗೊಂಡೆ ಬಲದಿಂದ ಎಡಕ್ಕೆ ಸರಿಸಿದರೆ ಮುಗೀತು. ಅಷ್ಟೊಂದು ಒಂದೇ ಥರ ಇರೋದರ ಮಧ್ಯೆ ಟೋಪಿಯ ತಲೆಯ ಮೇಲಿನ ಚೌಕಾಕಾರದ ಜಾಗ ಮಾತ್ರ ಮಕ್ಕಳದು. ಅಲ್ಲಿ ಬೇಕಾದ್ದು ಬರೆದುಕೊಳ್ಳಬಹುದು, ಕೆಲವು ಸ್ಕೂಲುಗಳು ಅದನ್ನೂ ಬಿಡಲ್ಲ. ನಮ್ಮಲ್ಲಿ ಬಿಡ್ತಾರೆ. ಹೋಗೋರು ದಯವಿಟ್ಟು ಗ್ಯಾಲರಿಯಲ್ಲಿ ಸ್ವಲ್ಪ ಎತ್ತರದ ಸೀಟು ಹಿಡೀರಿ, ಅಲ್ಲಿಂದ ಎಲ್ಲ ಓದಬಹುದು.

ನನ್ನ ಮಗಳ ಫಾರ್ಮು ನನ್ನ ಪಾಲಿಗೆ ಬರಲಿಲ್ಲ. ಬೇರೆ ಪೋಷಕರ ಹತ್ತಿರ ಇದೆ. ಏನು ಬರೆದೆ ಅಂತ ಕೇಳಿದೆ, ‘ಪುಸ್ತಕ ಬಂದಾಗ ಓದಮ್ಮ’ ಅಂದಳು. ಪ್ರಬಂಧದ ಆ ಪ್ಯಾರಾ ತೆಗೆಸಿದ್ದಕ್ಕೆ ಹೋದ ಭಾನುವಾರ ಅವಳ ಹತ್ತಿರ ಸಾರಿ ಕೇಳಿದೆ. ‘ಇರಲಿ ಬಿಡು’ ಅಂದು ತಬ್ಬಿಕೊಂಡಳು. ನಿನ್ನೆ ರಾತ್ರಿ, ಎಪಿ ಪರೀಕ್ಷೆ (ಹೈಸ್ಕೂಲಿನಲ್ಲೇ ಬರೆಯೋ ಕಾಲೇಜು ಮಟ್ಟದ ಪರೀಕ್ಷೆ) ಮುಗಿಸಿ ಬಂದವಳು ಆ ನೋಟ್‌ಬುಕ್ ಹುಡುಕಿ ತೆಗೆದು ತಮ್ಮನ ಮೇಜಿನ ಮೇಲೆ ಇಟ್ಟಿದ್ದಾಳೆ. ಕೊನೇ ಪುಟದಲ್ಲಿ ಒಟ್ಟು ಕೂಡಿಸಿ, ಕೆಳಗೆ ಗೆರೆ ಎಳೆದು ಬರೆದಿದ್ದಾಳೆ: ‘ನೀನು ನನಗೆ ಮೂರು ಸಲ ಬಾಕಿ. ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಾಗ ವಸೂಲಿ.’

ಇವತ್ತು ಬೆಳಗ್ಗೆ ಅವನು ಅಡುಗೆಮನೆಯಲ್ಲಿ ಕೂತು ಪುಟ ಪುಟವೂ ಬೆರಳಿಟ್ಟು ಲೆಕ್ಕ ಹಾಕ್ತಾ ಇದ್ದ. ‘ಅಮ್ಮಾ, ಮೂರಲ್ಲ, ಎರಡೇ. ನನಗೆ ಜ್ವರ ಬಂದಿದ್ದ ದಿನ ಇವಳು ಸೇರಿಸಿಬಿಟ್ಟಿದ್ದಾಳೆ’ ಅಂದ. ಕಣ್ಣು ಕೆಂಪಾಗಿತ್ತು.