ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋಗುವ ಮೊದಲು

'ಫೀಸಿಗೆ ದುಡ್ಡಿಲ್ಲದಿದ್ದರೆ ಶಿಕ್ಷಣ ಸಾಲ ತಗೊಳ್ಳಿ' ಅಂತ ಕಾಲೇಜು ಫೀಸಿನ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮಾತು ಸರಿ. ಆದರೆ ನಮ್ಮ ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಅದು ಅಷ್ಟು ಸುಲಭವಲ್ಲ.

ತಂಗಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಮೂರು ಲಕ್ಷ ಸಾಲ ಕೇಳಿದೆವು. ಬ್ಯಾಂಕಿನವರು ಹೊಲದ ಪಹಣಿ ತನ್ನಿ ಅಂದರು. ಹೊಲ ಅಡ ಇಡಬೇಕಾಗುತ್ತೆ ಅಂತ ಅಪ್ಪ ಹೆದರಿ ವಾಪಸ್ ಬಂದರು. ಆ ವರ್ಷ ಕಾಲುವೆಯ ಕೊನೆ ಭಾಗಕ್ಕೆ ನೀರು ಬಂದಿರಲಿಲ್ಲ, ಎರಡನೇ ಬೆಳೆ ಭತ್ತವೂ ಇಲ್ಲ. ಕೊನೆಗೆ ದಲಾಲಿ ಅಂಗಡಿಯಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದು ಕಟ್ಟಿದೆವು. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ 36! ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಕಿಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ? ಆ ಬಡ್ಡಿ ಕಟ್ಟುತ್ತಾ ಅಮ್ಮನ ಓಲೆಯೂ ಹೋಯಿತು.

ರಾಯಚೂರು, ಕೊಪ್ಪಳ, ಬಳ್ಳಾರಿಯ ಅಪ್ಪ ಅಮ್ಮಂದಿರೇ, ಕಲ್ಯಾಣ ಕರ್ನಾಟಕದವರು ಅಂತ ತೋರಿಸುವ 371ಜೆ ಪ್ರಮಾಣಪತ್ರ ಸಿಇಟಿಗೆ ಮೊದಲೇ ಮಾಡಿಸಿಟ್ಟುಕೊಳ್ಳಿ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಮೀಸಲಾತಿ ಸಿಗುವುದು ಅದರಿಂದಲೇ. ಹತ್ತಿರದಲ್ಲೇ ಸರ್ಕಾರಿ ಸೀಟು ಸಿಕ್ಕರೆ ಸುಮ್ನೆ ಬಿಡಬೇಡಿ. ಬೆಂಗಳೂರಿಗೆ ಹೋದರೆ ರೂಮು, ಊಟದ ಖರ್ಚೇ ಜಾಸ್ತಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳು ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕಬಹುದು.

ಇನ್ನೊಂದು ಮಾತು. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದರೆ ಸಾಲದು, ಮಕ್ಕಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ತಂಗಿಯ ಒಂದು ವರ್ಷದ ಸ್ಕಾಲರ್‌ಶಿಪ್ ನಿಂತಿದ್ದು ಇದೊಂದೇ ಕಾರಣಕ್ಕೆ.